ಕಣ್ಣಳತೆಗೆ ಒಗ್ಗದ ಕೆಲಸ: ಮನೆಯಲ್ಲಿ ಮೊದಲ ಸಲ ಸೋಪು ಮಾಡುವವರಿಗೆ

ನಮ್ಮ ಕಡೆ ಅಡಿಗೆಯನ್ನು ಯಾರೂ ತೂಗಿ ಮಾಡುವುದಿಲ್ಲ. ರೊಟ್ಟಿ ಹಿಟ್ಟಿಗೆ ಎಸರು ಎಷ್ಟು, ಪುಂಡಿಪಲ್ಯಕ್ಕೆ ಖಾರ ಎಷ್ಟು ಎಂದು ಕೇಳಿದರೆ "ಕೈಗೆ ಬಂದಷ್ಟು" ಅನ್ನುವುದೇ ಉತ್ತರ. ನಾನೂ ಹಾಗೇ ಕಲಿತವಳು. ಅದೇ ಕೈಯಿಂದ ಮೊದಲ ಸಲ ಸೋಪು ಮಾಡಿದೆ. ಎಣ್ಣೆಯನ್ನು ಲೋಟದಲ್ಲಿ, ಕಾಸ್ಟಿಕ್ ಸೋಡಾವನ್ನು ಚಮಚದಲ್ಲಿ ಅಳೆದೆ. ಎರಡು ದಿನಕ್ಕೆ ಬೆಳ್ಳಗೆ, ಕಲ್ಲಿನ ಹಾಗೆ ಗಟ್ಟಿಯಾದ ಸೋಪು ಬಂತು. ತಿಂಗಳು ಬಿಟ್ಟು ಕೈ ತೊಳೆದೆ. ಬೆರಳ ಸಂದಿಯಲ್ಲಿ ಉರಿ ಎದ್ದು ನಾಲ್ಕು ದಿನಕ್ಕೆ ಚರ್ಮ ಸುಲಿಯಿತು. ಕಾಸ್ಟಿಕ್ ಎಷ್ಟು ಹೆಚ್ಚಾಗಿತ್ತು ಎಂದು ತಿಳಿಯುವ ದಾರಿಯೂ ಇರಲಿಲ್ಲ, ಏಕೆಂದರೆ ಎಷ್ಟು ಹಾಕಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಎಣ್ಣೆ, ಪರಿಮಳ, ಬಣ್ಣ ಎಲ್ಲಕ್ಕಿಂತ ಮೊದಲು ಒಂದು ತೂಕದ ಯಂತ್ರ ಕೊಳ್ಳಿ. ಅಡಿಗೆಮನೆಗೆ ಅಂತ ಸಿಗುವ, 1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಅದು ಬರುವ ತನಕ ಸೋಪಿನ ಕೆಲಸಕ್ಕೆ ಕೈ ಹಾಕಬೇಡಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಬಿಸಿಲು, ಬೋರಿನ ನೀರು, ಇಲ್ಲಿ ಸಿಗುವ ಎಣ್ಣೆ ಇವನ್ನು ಲೆಕ್ಕಕ್ಕೆ ಹಿಡಿದು ಮುಂದಿನದನ್ನು ಬರೆದಿದ್ದೇನೆ.

ಸೋಪು ಆಗುವುದು ಹೇಗೆ

ಎಣ್ಣೆಯೂ ಕಾಸ್ಟಿಕ್ ಸೋಡಾವೂ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ನೀರಿನ ಮೂಲಕ ಕೂಡಿದಾಗ ಎರಡೂ ತಮ್ಮ ರೂಪ ಕಳೆದುಕೊಂಡು ಸೋಪು ಮತ್ತು ಗ್ಲಿಸರಿನ್ ಆಗುತ್ತವೆ. ನಮ್ಮ ಅಜ್ಜಿಯರು ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ ಹಾಕಿ ತಿಕ್ಕುತ್ತಿದ್ದುದರಲ್ಲೂ ಇದೇ ನಡೆಯುತ್ತಿತ್ತು. ಬೂದಿಯ ಕ್ಷಾರ ಜಿಡ್ಡನ್ನು ಅಷ್ಟಿಷ್ಟು ಸೋಪು ಮಾಡುತ್ತಿತ್ತು. ಅಗಸರು ಬಟ್ಟೆಗೆ ಚೌಳು ಮಣ್ಣು ಬಳಸುತ್ತಿದ್ದುದೂ ಅದರಲ್ಲಿನ ಕ್ಷಾರಕ್ಕಾಗಿಯೇ.

"ಕಾಸ್ಟಿಕ್ ಇಲ್ಲದ ನೈಸರ್ಗಿಕ ಸೋಪು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಷಾರವಿಲ್ಲದೆ ಎಣ್ಣೆ ಸೋಪಾಗುವುದಿಲ್ಲ. ಸರಿಯಾಗಿ ತೂಗಿ ಮಾಡಿದ ಸೋಪಿನಲ್ಲಿ ಕಾಸ್ಟಿಕ್ ಉಳಿಯುವುದಿಲ್ಲ ಅನ್ನುವುದಷ್ಟೇ ನಿಜ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಸೋಪ್ ಬೇಸ್ ಕರಗಿಸಿ ಅಚ್ಚಿಗೆ ಹಾಕುವ ಪದ್ಧತಿಯೂ ಇದೆ. ಅದರಲ್ಲಿ ಕಾಸ್ಟಿಕ್ ಕೆಲಸವನ್ನು ಬೇರೆಯವರು ಮೊದಲೇ ಮುಗಿಸಿರುತ್ತಾರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇರೆ ಜಾಗವೇ ಇಲ್ಲದಿದ್ದರೆ ಅದನ್ನೇ ಮಾಡಿ.

ಪ್ರತಿ ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಬೇರೆ. 1 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಬೇಕು. ಶೇಂಗಾ ಎಣ್ಣೆಗೆ 0.136, ಔಡಲ ಎಣ್ಣೆಗೆ 0.128, ಬೇವಿನೆಣ್ಣೆಗೆ 0.139, ತೌಡಿನ ಎಣ್ಣೆಗೆ 0.133. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಕೊಬ್ಬರಿ ಎಣ್ಣೆ ಮುಗಿದಿದೆ ಎಂದು ಅದರ ಬದಲು ಅಷ್ಟೇ ಶೇಂಗಾ ಎಣ್ಣೆ ಸುರಿದರೆ ಸೋಪು ಕೈ ಸುಡುತ್ತದೆ ಅನ್ನುವುದು ಈ ಅಂಕಿ ನೋಡಿದರೇ ಗೊತ್ತಾಗುತ್ತದೆ.

ಯಾವ ಎಣ್ಣೆ

ಕೊಬ್ಬರಿ ಎಣ್ಣೆ ಗಡುಸುತನ ಮತ್ತು ನೊರೆ ಕೊಡುತ್ತದೆ, ಆದರೆ ಅದೊಂದೇ ಹಾಕಿದರೆ ಮೈ ಒಣಗಿಸುತ್ತದೆ. ಶೇಂಗಾ ಎಣ್ಣೆ ಮೆತ್ತಗಿನ ಗುಣ ಕೊಡುತ್ತದೆ. ಔಡಲ ಎಣ್ಣೆ, ಬೇರೆ ಕಡೆಯವರು ಹರಳೆಣ್ಣೆ ಅನ್ನುವುದು, ನೊರೆಯನ್ನು ಬೇಗ ಒಡೆಯದಂತೆ ಹಿಡಿದಿಡುತ್ತದೆ. ಆದರೆ ಅದು ಹೆಚ್ಚಾದರೆ ಸೋಪು ಅಂಟಂಟು.

ನಮ್ಮಲ್ಲಿ ಕುಸುಬಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮನೆಮನೆಯಲ್ಲಿ ಇರುತ್ತವೆ, ಅವನ್ನೇ ಹಾಕೋಣ ಅನಿಸುವುದು ಸಹಜ. ಮೊದಲ ಸೋಪಿಗೆ ಬೇಡ. ಈ ಎರಡೂ ಎಣ್ಣೆಯ ಸೋಪು ಮೆತ್ತಗಾಗುತ್ತದೆ. ನಮ್ಮ ಸೆಕೆಗೆ ಬೇಗ ಕಮಟು ವಾಸನೆ ಹಿಡಿದು ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತವೆ. ಕುಸುಬಿ ಎಣ್ಣೆ ಒಗ್ಗರಣೆಗೆ ಇರಲಿ.

ಗಾಣದ ಎಣ್ಣೆಯೋ ರಿಫೈನ್ಡ್ ಎಣ್ಣೆಯೋ ಎಂದು ಬಹಳ ಜನ ಕೇಳುತ್ತಾರೆ. ಎರಡೂ ಆಗುತ್ತವೆ, ಕಾಸ್ಟಿಕ್ ಲೆಕ್ಕವೂ ಬದಲಾಗುವುದಿಲ್ಲ. ಹೊಸದಾಗಿರಬೇಕು ಅಷ್ಟೇ. ಮಿರ್ಚಿ ಕರಿದು ಉಳಿದ ಎಣ್ಣೆಯಲ್ಲಿ ಕಲಿಯಬೇಡಿ. ತಲೆಗೆ ಹಚ್ಚುವ ಪರಿಮಳದ ಎಣ್ಣೆಯೂ ಬೇಡ. ಅವುಗಳಲ್ಲಿ ಕೆಲವಕ್ಕೆ ಮಿನರಲ್ ಆಯಿಲ್ ಬೆರೆಸಿರುತ್ತಾರೆ, ಅದು ಎಷ್ಟು ಕಾಸ್ಟಿಕ್ ಹಾಕಿದರೂ ಸೋಪಾಗುವುದಿಲ್ಲ. ಇನ್ನೊಂದು ಮಾತು: ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ. ಪ್ಯಾಕೆಟ್ ಮೇಲೆ ಸುಮಾರು 910 ಗ್ರಾಂ ಎಂದು ಬರೆದಿರುವುದನ್ನು ನೋಡಿ. ಅರ್ಧ ಲೀಟರ್ ಪ್ಯಾಕೆಟ್ ಸುರಿದು 500 ಗ್ರಾಂ ಎಂದುಕೊಂಡವರ ಲೆಕ್ಕ ಅಲ್ಲಿಯೇ ತಪ್ಪುತ್ತದೆ.

ಮೊದಲ ಸೋಪಿನ ಲೆಕ್ಕ

ಕೊಬ್ಬರಿ ಎಣ್ಣೆ 200 ಗ್ರಾಂ
ಶೇಂಗಾ ಎಣ್ಣೆ 250 ಗ್ರಾಂ
ಔಡಲ ಎಣ್ಣೆ 50 ಗ್ರಾಂ
ಕಾಸ್ಟಿಕ್ ಸೋಡಾ 73 ಗ್ರಾಂ
ಫಿಲ್ಟರ್ ನೀರು 160 ಗ್ರಾಂ

73 ಎಲ್ಲಿಂದ ಬಂತು ಎಂದು ಒಮ್ಮೆ ಕೂತು ಲೆಕ್ಕ ಹಾಕಿ, ಮುಂದೆ ನಿಮ್ಮದೇ ಎಣ್ಣೆಗೆ ಇದೇ ದಾರಿ. ಕೊಬ್ಬರಿಗೆ 200 ಗುಣಿಸು 0.183, ಅಂದರೆ 36.6. ಶೇಂಗಾಕ್ಕೆ 250 ಗುಣಿಸು 0.136, ಅಂದರೆ 34. ಔಡಲಕ್ಕೆ 6.4. ಒಟ್ಟು 77. ಇಷ್ಟು ಹಾಕಿದರೆ ಎಣ್ಣೆಯೆಲ್ಲ ಸೋಪಾಗಿ ಏನೂ ಉಳಿಯುವುದಿಲ್ಲ. ನಾವು ಅದರಲ್ಲಿ ನೂರಕ್ಕೆ 5ರಷ್ಟು ಕಡಿಮೆ ಹಾಕುತ್ತೇವೆ. ಆಗ ಸ್ವಲ್ಪ ಎಣ್ಣೆ ಎಣ್ಣೆಯಾಗಿಯೇ ಉಳಿದು ಚರ್ಮಕ್ಕೆ ಹಿತವಾಗುತ್ತದೆ. ತೂಕದಲ್ಲಿ ಒಂದೆರಡು ಗ್ರಾಂ ಆಚೀಚೆ ಆದರೂ ಕಾಸ್ಟಿಕ್ ಮಿಗುವುದಿಲ್ಲ.

"ಮೊದಲ ಸಲ, ನೂರು ಗ್ರಾಂ ಎಣ್ಣೆಯಲ್ಲಿ ಮಾಡಿ ನೋಡಲೇನು?" ಎಂದು ಸಿಂಧನೂರಿನಲ್ಲಿರುವ ನನ್ನ ತಂಗಿ ಕೇಳಿದ್ದಳು. ಬೇಡ ಎಂದೆ. 100 ಗ್ರಾಂ ಎಣ್ಣೆಗೆ ಕಾಸ್ಟಿಕ್ 15 ಗ್ರಾಂ ಆಸುಪಾಸು. ಅಲ್ಲಿ ತಕ್ಕಡಿ 1 ಗ್ರಾಂ ತಪ್ಪಿದರೆ ನೂರಕ್ಕೆ ಏಳರಷ್ಟು ತಪ್ಪು, ನಾವು ಬಿಟ್ಟ 5ರ ಅಂತರವೇ ಹೋಯಿತು. 73 ಗ್ರಾಂನಲ್ಲಿ 1 ಗ್ರಾಂ ತಪ್ಪಿದರೆ ಒಂದೂವರೆಗಿಂತ ಕಡಿಮೆ. ಚಿಕ್ಕದಾಗಿ ಮಾಡಿದರೆ ಅಪಾಯ ಕಡಿಮೆ ಅನ್ನುವ ಲೆಕ್ಕ ಇಲ್ಲಿ ತಿರುಗಮುರುಗ.

ಕಾಸ್ಟಿಕ್ ಸೋಡಾ ಫಿನಾಯಿಲ್, ಸೋಪಿನ ಕಚ್ಚಾ ಸಾಮಾನು ಮಾರುವ ಅಂಗಡಿಗಳಲ್ಲಿ ಚಕ್ಕೆ ರೂಪದಲ್ಲಿ ಸಿಗುತ್ತದೆ. ಚೀಲದ ಮೇಲೆ ಶುದ್ಧತೆ ನೋಡಿ, 97 ಅಥವಾ 98 ಎಂದಿದ್ದರೆ ಸರಿ. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಬೇರೆ, ಅಡಿಗೆ ಸೋಡಾ ಬೇರೆ; ಇವೆರಡರಿಂದ ಈ ಸೋಪು ಆಗದು. ಕಟ್ಟಿದ ಪೈಪಿಗೆ ಸುರಿಯುವ ಪುಡಿಯಲ್ಲಿ ಬೇರೆ ಏನೇನೋ ಸೇರಿರುತ್ತದೆ, ಅದನ್ನು ಮುಟ್ಟಬೇಡಿ.

ಕಾಸ್ಟಿಕ್ ಮುಂದೆ ಹೇಗಿರಬೇಕು

ಈ ಭಾಗವನ್ನು ಎರಡು ಸಲ ಓದಿ. ಕಾಸ್ಟಿಕ್ ಚಕ್ಕೆ ನೋಡಲು ಕಲ್ಲುಸಕ್ಕರೆಯ ಚೂರಿನ ಹಾಗೆ ಇರುತ್ತದೆ. ಮಗುವಿನ ಬಾಯಿಗೆ ಹೋದರೆ ಗಂಟಲು, ಅನ್ನನಾಳ ಸುಟ್ಟುಹೋಗುತ್ತದೆ. ಗಟ್ಟಿ ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮೇಲೆ ದೊಡ್ಡದಾಗಿ ಬರೆದು, ಕೀಲಿ ಹಾಕುವ ಜಾಗದಲ್ಲಿ ಇಡಿ. ಅಡಿಗೆಮನೆಯ ಸಾಲಿನಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಎಂದಿಗೂ ಇಡಬೇಡಿ. ತೆರೆದಿಟ್ಟರೆ ಗಾಳಿಯ ತೇವ ಹೀರಿ ನೀರೊಡೆಯುತ್ತದೆ, ಆಮೇಲೆ ಅದರ ತೂಕ ನಂಬುವಂತಿಲ್ಲ.

ಮಾಡುವಾಗ ಕಣ್ಣಿಗೆ ಮುಚ್ಚಿದ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ತುಂಬುತೋಳು, ಕಾಲು ಮುಚ್ಚುವ ಚಪ್ಪಲಿ ಅಥವಾ ಬೂಟು ಬೇಕು. ಸೆರಗು ಸೊಂಟಕ್ಕೆ ಸಿಗಿಸಿ. ಮಕ್ಕಳು, ಬೆಕ್ಕು, ಕೋಳಿ ಬಾರದ ಹೊತ್ತು ನೋಡಿ, ಗಾಳಿಯಾಡುವ ಕಟ್ಟೆಯ ಮೇಲೆ ಕೂಡಿ. ಗಾಳಿ ನಿಮ್ಮ ಬೆನ್ನಿನಿಂದ ಬರಲಿ. ಪಕ್ಕದಲ್ಲಿ ಒಂದು ಕೊಡ ತುಂಬ ಸಾದಾ ನೀರು, ತಂಬಿಗೆ ಸಮೇತ.

ಕೈಗೆ ಸಿಡಿದರೆ ಮೊದಲು ಜಾರುಜಾರು ಅನಿಸುತ್ತದೆ, ಆಮೇಲೆ ಕೆರೆತ, ಉರಿ. ಕೂಡಲೇ ನೀರು ಸುರಿಯುತ್ತ ಹೋಗಿ, ಹದಿನೈದು ಇಪ್ಪತ್ತು ನಿಮಿಷ. ನಿಂಬೆಹುಳಿ, ವಿನೆಗರ್, ಅರಿಶಿಣ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ನೀರು ಬಿಟ್ಟು ಆಸ್ಪತ್ರೆಗೆ ಹೋಗಿ. ಯಾರಾದರೂ ನುಂಗಿದ್ದರೆ ಬಾಯಿ ಮುಕ್ಕಳಿಸಿಸಿ, ವಾಂತಿ ಮಾಡಿಸಬೇಡಿ, 108ಕ್ಕೆ ಕರೆ ಮಾಡಿ.

ಪಾತ್ರೆ ಸ್ಟೀಲಿನದಿರಲಿ, ಇಲ್ಲವೇ ಬಿಸಿ ತಡೆಯುವ ದಪ್ಪ ಪ್ಲಾಸ್ಟಿಕ್. ನಮ್ಮ ಕಡೆ ಜರ್ಮನ್ ಪಾತ್ರೆ ಅನ್ನುತ್ತೇವಲ್ಲ, ಆ ಅಲ್ಯೂಮಿನಿಯಂ ಬೋಗಾಣಿ ಕಾಸ್ಟಿಕ್‌ಗೆ ಆಗುವುದೇ ಇಲ್ಲ. ಎರಡೂ ಸೇರಿದರೆ ಬುರುಗೆದ್ದು ಹೈಡ್ರೋಜನ್ ಅನಿಲ ಬಿಡುತ್ತದೆ, ಪಾತ್ರೆಯನ್ನೇ ತಿನ್ನುತ್ತದೆ. ಅಲ್ಯೂಮಿನಿಯಂ ಚಮಚ, ಫಾಯಿಲ್ ಕೂಡ ಹತ್ತಿರ ಬೇಡ. ಗಾಜಿನದೂ ಬೇಡ, ಬಿಸಿಗೆ ಸೀಳುತ್ತದೆ. ಸೋಪಿಗೆ ಬಳಸಿದ ಪಾತ್ರೆ ಸೋಪಿಗೇ ಇರಲಿ, ಮತ್ತೆ ಅಡಿಗೆಗೆ ತರಬೇಡಿ.

ಮಾಡುವ ದಿನ

ಬೇಸಿಗೆಯಲ್ಲಾದರೆ ಬೆಳಿಗ್ಗೆ ಆರಕ್ಕೇ ಕೂಡಿ. ಏಪ್ರಿಲ್, ಮೇ ಮಧ್ಯಾಹ್ನ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಆ ಹೊತ್ತಿಗೆ ಏನೂ ಆರುವುದಿಲ್ಲ. ಕಲಿಯುವವರಿಗೆ ದೀಪಾವಳಿಯಿಂದ ಸಂಕ್ರಾಂತಿವರೆಗಿನ ಹವೆ ಎಲ್ಲಕ್ಕಿಂತ ಚೆನ್ನ. ತಂಪೂ ಇರುತ್ತದೆ, ಗಾಳಿ ಒಣದಾಗಿಯೂ ಇರುತ್ತದೆ.

ಮೊದಲು ಅಚ್ಚು ತಯಾರಿರಲಿ. ಹದ ಬಂದ ಮೇಲೆ ಅಚ್ಚು ಹುಡುಕುತ್ತ ಹೋದರೆ ಸೋಪು ಬೋಗಾಣಿಯಲ್ಲೇ ಬಿಗಿಯುತ್ತದೆ. ಸಿಲಿಕೋನ್ ಅಚ್ಚು ಇದ್ದರೆ ಸುಲಭ. ಇಲ್ಲದಿದ್ದರೆ ಬಟರ್ ಪೇಪರ್ ಹಾಸಿದ ಪ್ಲಾಸ್ಟಿಕ್ ಡಬ್ಬಿ ಆಗುತ್ತದೆ. ನಾನು ಹೆಚ್ಚಾಗಿ ಬಳಸುವುದು ಹೊಸ 3 ಇಂಚಿನ ಪಿವಿಸಿ ಪೈಪಿನ ತುಂಡು. ಒಂದು ಗೇಣು ಉದ್ದ ಇದ್ದರೆ ಈ ಲೆಕ್ಕದ ಸೋಪು ಸರಿಯಾಗಿ ಹಿಡಿಸುತ್ತದೆ. ಒಳಗೆ ಬಟರ್ ಪೇಪರ್ ಸುತ್ತಿ ಇಡಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ ಟೇಪು ಸುತ್ತಿ.

ಎಣ್ಣೆಗಳನ್ನು ಒಂದೊಂದಾಗಿ ಸ್ಟೀಲ್ ಬೋಗಾಣಿಗೆ ತೂಗಿ ಹಾಕಿ. ಒಂದು ಎಣ್ಣೆ ಹಾಕಿದ ಮೇಲೆ ತಕ್ಕಡಿಯನ್ನು ಸೊನ್ನೆಗೆ ತಂದು ಇನ್ನೊಂದು ಸುರಿಯಿರಿ. ಹಾಕಿದ್ದನ್ನು ಆಗಲೇ ವಹಿಯಲ್ಲಿ ಬರೆದುಕೊಳ್ಳಿ, ನೆನಪಿಗೆ ಬಿಡಬೇಡಿ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರೆ ಬಿಸಿನೀರಿನಲ್ಲಿ ಡಬ್ಬಿ ಇಟ್ಟು ಕರಗಿಸಿ.

ನೀರನ್ನು ಇನ್ನೊಂದು ಎತ್ತರದ ಪಾತ್ರೆಯಲ್ಲಿ ತೂಗಿ. ಬೋರಿನ ನೀರು ಬೇಡ, ಅದರ ಸುಣ್ಣದ ಅಂಶ ಸೋಪನ್ನು ಒಡೆಯುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನ ನೀರು ಸಾಕು. ಸೋಸಿದ ಮಳೆನೀರೂ ಆಗುತ್ತದೆ. ಕಾಸ್ಟಿಕ್‌ಅನ್ನು ಒಣಗಿದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬೇರೆಯಾಗಿ ತೂಗಿ, ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕುತ್ತ ಉದ್ದ ಹಿಡಿಯ ಸ್ಟೀಲ್ ಚಮಚದಿಂದ ಕಲಕಿ. ನೀರಿಗೆ ಸೋಡಾ, ಸೋಡಾಕ್ಕೆ ನೀರಲ್ಲ. ನಾನು ಪ್ರತಿ ಸಲ ಇದನ್ನು ಬಾಯಿಬಿಟ್ಟು ಹೇಳಿಕೊಂಡೇ ಹಾಕುತ್ತೇನೆ. ಒಣ ಕಾಸ್ಟಿಕ್ ಮೇಲೆ ನೀರು ಸುರಿದರೆ ಒಂದೇ ಕಡೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾಗಿ ಹಾಕಿದರೂ ಒಲೆಯಿಲ್ಲದೆ ಆ ನೀರು 80 ಡಿಗ್ರಿ ಮುಟ್ಟುತ್ತದೆ, ಘಾಟು ಹೊಗೆ ಏಳುತ್ತದೆ. ಮುಖ ಆಚೆ ಇಟ್ಟು ಉಸಿರು ಎಳೆಯಿರಿ.

ಕಾಸ್ಟಿಕ್ ನೀರು ತಿಳಿಯಾಗಿ, ಪಾತ್ರೆಯನ್ನು ಹೊರಗಿನಿಂದ ಗ್ಲೌಸ್ ಕೈಲಿ ಹಿಡಿದರೆ ಉಗುರುಬೆಚ್ಚಗೆ ಅನಿಸುವ ತನಕ ಬಿಡಿ. ಥರ್ಮಾಮೀಟರ್ ಇದ್ದರೆ 35ರಿಂದ 45 ಡಿಗ್ರಿ. ಎಣ್ಣೆಯೂ ಹೆಚ್ಚು ಕಡಿಮೆ ಅಷ್ಟೇ ಬಿಸಿ ಇರಲಿ. ಈ ಹೊತ್ತಿನಲ್ಲಿ ಪಾತ್ರೆ ಬಿಟ್ಟು ಒಳಗೆ ಹೋಗಬೇಡಿ. ನೀರೆಂದು ತಿಳಿದು ಯಾರಾದರೂ ಮುಟ್ಟಿಯಾರು.

ಈಗ ಕಾಸ್ಟಿಕ್ ನೀರನ್ನು ಎಣ್ಣೆಗೆ ಸಣ್ಣ ಧಾರೆಯಾಗಿ ಸುರಿದು ಕಲಸಲು ಶುರುಮಾಡಿ. ಹ್ಯಾಂಡ್ ಬ್ಲೆಂಡರ್ ಇದ್ದರೆ ಕೆಲವು ಸೆಕೆಂಡು ಓಡಿಸುವುದು, ನಿಲ್ಲಿಸಿ ಅದರಿಂದಲೇ ಕಲಕುವುದು, ಮತ್ತೆ ಓಡಿಸುವುದು. ಐದಾರು ನಿಮಿಷದಲ್ಲಿ ಹದ ಬರುತ್ತದೆ. ಅದರ ತಲೆ ಎಣ್ಣೆಯೊಳಗೆ ಪೂರ್ತಿ ಮುಳುಗಿರಲಿ, ಇಲ್ಲದಿದ್ದರೆ ಸಿಡಿಯುತ್ತದೆ. ಅಡಿಗೆಯ ಮಿಕ್ಸಿ ಜಾರಿಗೆ ಹಾಕಬೇಡಿ, ಬಿಸಿಗೆ ಮುಚ್ಚಳ ಎದ್ದರೆ ಅನಾಹುತ. ಕರೆಂಟ್ ಇಲ್ಲದಿದ್ದರೆ ಸ್ಟೀಲ್ ಕಡಗೋಲು ಸಾಕು. ನನ್ನ ಮೊದಲ ಹತ್ತು ಸೋಪು ಕೈಯಲ್ಲೇ ಕಲಕಿದವು. ಒಂದು ತಾಸು ಹಿಡಿಯಬಹುದು, ಅದಕ್ಕಿಂತ ಹೆಚ್ಚೂ ಆದೀತು. ನಡುವೆ ಐದು ನಿಮಿಷ ಕೈ ಬಿಟ್ಟರೆ ಏನೂ ಕೆಡುವುದಿಲ್ಲ.

ಹದ ಗುರುತಿಸುವುದೇ ಈ ಕೆಲಸದ ವಿದ್ಯೆ. ತಕ್ಕಡಿ ಹೇಳಲಾರದ್ದು ಇದೊಂದೇ, ಇಲ್ಲಿ ನಮ್ಮ ಅಡಿಗೆಯ ಕಣ್ಣು ಉಪಯೋಗಕ್ಕೆ ಬರುತ್ತದೆ. ಮೊದಲು ಎಣ್ಣೆಯ ಪಾರದರ್ಶಕ ಬಣ್ಣ ಹೋಗಿ ಮಜ್ಜಿಗೆಯ ಹಾಗೆ ಮಸುಕಾಗುತ್ತದೆ. ಅಂಚಿನಲ್ಲಿ ಎಣ್ಣೆಯ ಗೆರೆ ಕಾಣುತ್ತಿದ್ದರೆ ಇನ್ನೂ ಆಗಿಲ್ಲ. ಆಮೇಲೆ ತೆಳು ಅಂಬಲಿಯಷ್ಟು ದಪ್ಪವಾಗುತ್ತದೆ. ಚಮಚ ಎತ್ತಿ ಮೇಲಿನಿಂದ ಹನಿಸಿದಾಗ ಆ ಧಾರೆ ಕೂಡಲೇ ಮುಳುಗದೆ ಮೇಲೆ ಒಂದು ಗೆರೆಯಾಗಿ ಕ್ಷಣ ನಿಂತರೆ ಹದ ಬಂತು. ಸಂಡಿಗೆ ಹಿಟ್ಟಿನಷ್ಟು ಗಟ್ಟಿಯಾಗುವ ತನಕ ಕಲಸಿದರೆ ತಡವಾಯಿತು; ಸೋಪು ಕೆಡುವುದಿಲ್ಲ, ಆದರೆ ಅಚ್ಚಿನಲ್ಲಿ ಗುಳಿ, ಗಾಳಿಗುಳ್ಳೆ ಬೀಳುತ್ತವೆ.

ಹದ ಬಂದ ಹಿಟ್ಟು ಇನ್ನೂ ಹಸಿ ಕಾಸ್ಟಿಕ್ಕೇ. ಬರಿಗೈಲಿ ಮುಟ್ಟುವಂತಿಲ್ಲ.

ಏನು ಬೆರೆಸಬಹುದು

ಮೊದಲ ಸಲ ಏನೂ ಬೇಡ ಅನ್ನುವುದು ನನ್ನ ಮಾತು. ಬರಿ ಸೋಪು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡದೆ ಪರಿಮಳ ಹಾಕಿದರೆ ತಪ್ಪು ಎಲ್ಲಿ ಆಯಿತೆಂದು ತಿಳಿಯುವುದಿಲ್ಲ. ಮನಸ್ಸು ತಡೆಯದಿದ್ದರೆ ಒಂದು ಚಮಚ ಕಡ್ಲಿಹಿಟ್ಟು ಅಥವಾ ನುಣುಪಾಗಿ ಜರಡಿ ಹಿಡಿದ ಒಣ ಬೇವಿನೆಲೆ ಪುಡಿ ಹಾಕಿ. ಹಸಿ ಎಲೆ, ಹಸಿ ರಸ, ಹೂವು ಬೇಡ. ಹಡಗಲಿ ಮಲ್ಲಿಗೆಯ ಎಸಳು ಹಾಕಿದರೆ ಪರಿಮಳ ಉಳಿಯುವುದಿಲ್ಲ, ಎಸಳು ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಲು, ಜೇನು ಎರಡೂ ಸೋಪನ್ನು ವಿಪರೀತ ಕಾಯಿಸುತ್ತವೆ, ಕಲಿತ ಮೇಲೆ ನೋಡೋಣ. ರಂಗೋಲಿ ಬಣ್ಣ, ಊದುಬತ್ತಿಯ ಸೆಂಟು ಮೈಗೆ ಹಚ್ಚುವ ವಸ್ತುಗಳಲ್ಲ. ಪರಿಮಳಕ್ಕೆ ಮೈಗೆ ಆಗುವ ಎಸೆನ್ಶಿಯಲ್ ಆಯಿಲ್ ಇದ್ದರೆ 500 ಗ್ರಾಂ ಎಣ್ಣೆಗೆ 10 ಗ್ರಾಂ ಸಾಕು.

ಅರಿಶಿಣದ ವಿಷಯ ಹೇಳಲೇಬೇಕು. ತಂಗಿ ಮೊದಲ ಸೋಪು ಮಾಡುವಾಗ ಅರ್ಧ ಚಮಚ ಅರಿಶಿಣ ಹಾಕಿ ಗಾಬರಿಯಿಂದ ಫೋನ್ ಮಾಡಿದಳು.

"ಅಕ್ಕಾ, ಅರಿಶಿಣ ಹಾಕಿದ್ರ ರಕ್ತದಂಗ ಕೆಂಪಾತು. ಕೆಟ್ಟೋತೇನ?"

"ಕೆಟ್ಟಿಲ್ಲವಾ. ಆರತಿ ತಟ್ಟಿಯೊಳಗ ಅರಿಶಿಣ ನೀರಿಗೆ ಸುಣ್ಣ ಹಾಕಿದ್ರ ಏನಾಕ್ಕತಿ?"

ಅವಳು ಆ ಕಡೆ ನಕ್ಕಳು. ಕುಂಕುಮ ಆಗುವುದೂ ಹೀಗೆಯೇ: ಕ್ಷಾರ ತಗುಲಿದರೆ ಅರಿಶಿಣ ಕೆಂಪಾಗುತ್ತದೆ. ಸೋಪು ಒಣಗುತ್ತ ಬಂದ ಹಾಗೆ ಆ ಕೆಂಪು ಇಳಿದು ಕಿತ್ತಳೆ, ಹಳದಿಗೆ ಬರುತ್ತದೆ. ಆದರೆ ಅರಿಶಿಣ ಹಚ್ಚಿ ನೋಡಿ ಸೋಪಿನಲ್ಲಿ ಕಾಸ್ಟಿಕ್ ಉಳಿದಿದೆಯೋ ಇಲ್ಲವೋ ಎಂದು ತೀರ್ಮಾನಿಸಬೇಡಿ. ಒಳ್ಳೆಯ ಸೋಪೂ ಸ್ವಲ್ಪ ಕ್ಷಾರವೇ, ಅದಕ್ಕೂ ಅರಿಶಿಣ ಕೆಂಪಾಗುತ್ತದೆ.

ಅಚ್ಚು, ಕೊಯ್ಲು, ಒಣಗಿಸುವುದು

ಅಚ್ಚಿಗೆ ಸುರಿದು ಎರಡು ಮೂರು ಸಲ ನೆಲಕ್ಕೆ ಮೆಲ್ಲಗೆ ಕುಟ್ಟಿ, ಒಳಗಿನ ಗಾಳಿ ಹೊರಡಲಿ. ಬೇರೆ ಊರಿನವರು ಅಚ್ಚನ್ನು ಕಂಬಳಿಯಲ್ಲಿ ಸುತ್ತಿ ಬೆಚ್ಚಗಿಡಿ ಅನ್ನುತ್ತಾರೆ. ನಮ್ಮ ಬೇಸಿಗೆಗೆ ಅದನ್ನು ಮಾಡಬೇಡಿ. ಸೋಪು ಗಟ್ಟಿಯಾಗುವಾಗ ತಾನೇ ಕಾಯುತ್ತದೆ. ಮೇಲೆ ನಮ್ಮ ಸೆಕೆಯೂ ಸೇರಿದರೆ ನಡುವೆ ಉಬ್ಬಿ ಹೊಲದ ಎರೆಮಣ್ಣಿನ ಹಾಗೆ ಬಿರಿಯುತ್ತದೆ. ನೆರಳಲ್ಲಿ, ತಂಪು ನೆಲದ ಮೇಲೆ, ಒಂದು ಹಾಳೆ ಮುಚ್ಚಿ ಬಿಡಿ. ಚಳಿಗಾಲದಲ್ಲಿ ಒಂದು ಟವೆಲ್ ಸಾಕು.

ಪಾತ್ರೆಗಳನ್ನು ಆಗಲೇ ತೊಳೆಯಬೇಡಿ. ಮಕ್ಕಳಿಗೆ ಸಿಗದ ಕಡೆ ಒಂದು ದಿನ ಬಿಟ್ಟರೆ ಅಂಟಿದ ಹಿಟ್ಟು ತಾನೇ ಸೋಪಾಗಿರುತ್ತದೆ, ನೀರು ಹಾಕಿದರೆ ನೊರೆಯೆದ್ದು ಹೋಗುತ್ತದೆ. ಆಗಲೂ ಗ್ಲೌಸ್ ಇರಲಿ.

ಒಂದು ಅಥವಾ ಎರಡು ದಿನಕ್ಕೆ ಒತ್ತಿದರೆ ಬೆರಳು ಇಳಿಯದಷ್ಟು ಗಟ್ಟಿಯಾಗುತ್ತದೆ. ಅಚ್ಚಿನಿಂದ ತೆಗೆದು ಗ್ಲೌಸ್ ಹಾಕಿಕೊಂಡೇ ಕೊಯ್ಯಿರಿ, ಏಳು ಬಿಲ್ಲೆ ಆಗುತ್ತವೆ. ತಡ ಮಾಡಿದರೆ ಕೊಯ್ಯುವಾಗ ಒಡೆಯುತ್ತದೆ. ಮೇಲೆ ಬಿಳಿ ಪುಡಿಯ ಪದರ ಕಂಡರೆ ಹೆದರಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಹಸಿ ಕಾಸ್ಟಿಕ್ ಜೊತೆ ಸೇರಿ ವಾಷಿಂಗ್ ಸೋಡಾ ಆಗಿರುತ್ತದೆ, ಕೆರೆದರೆ ಹೋಗುತ್ತದೆ.

ಇನ್ನು ನಾಲ್ಕರಿಂದ ಆರು ವಾರ ಕಾಯಬೇಕು. ಬಿದಿರಿನ ಮೊರದಲ್ಲೋ ಬುಟ್ಟಿಯಲ್ಲೋ ಬಿಲ್ಲೆಗಳನ್ನು ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿ, ತೆಳು ಬಟ್ಟೆ ಮುಚ್ಚಿ. ಬಳ್ಳಾರಿ, ಸಂಡೂರಿನ ಕೆಂಪು ಧೂಳು ಬಹಳ ಬೇಗ ಕೂರುತ್ತದೆ. ಕಬ್ಬಿಣದ ಜಾಳಿಗೆಯ ಮೇಲೆ ಇಟ್ಟರೆ ತುಕ್ಕಿನ ಕಲೆ ಹಿಡಿಯುತ್ತದೆ. ಇಲಿ ಇರುವ ಮನೆಯಲ್ಲಿ ತುಕ್ಕು ಹಿಡಿಯದ ಗಟ್ಟಿ ಜಾಳಿಗೆ ಬುಟ್ಟಿಯೇ ಬೇಕು. ಎಣ್ಣೆಯ ವಾಸನೆಗೆ ಬಂದು ರಾತ್ರಿಯಲ್ಲಿ ಒಂದು ಬಿಲ್ಲೆ ಮುಗಿಸುತ್ತವೆ. ಬಿಸಿಲಿಗೆ ಇಡಬೇಡಿ, ಬೇಗ ಒಣಗಲಿ ಎಂದು ಆಸೆಪಟ್ಟರೆ ಕಮಟು ಹಿಡಿಯುತ್ತದೆ. ಮಳೆಗಾಲದಲ್ಲಿ ಸೋಪು ಬೆವರಿದ ಹಾಗೆ ಹನಿ ಕಟ್ಟಬಹುದು, ಅದು ಗ್ಲಿಸರಿನ್ ಗಾಳಿಯ ತೇವ ಎಳೆಯುವುದು.

"ನಮ್ಮ ಒಣ ಹವೆಗೆ ಎರಡು ವಾರಕ್ಕೇ ಒಣಗುತ್ತದಲ್ಲ" ಎಂದು ಕೇಳುವವರಿದ್ದಾರೆ. ಹೊರಗೆ ಒಣಗಿದಂತೆ ಕಾಣುತ್ತದೆ, ಒಳಗೆ ನೀರಿರುತ್ತದೆ. ಅಂಥ ಸೋಪು ಬಚ್ಚಲಲ್ಲಿ ನಾಲ್ಕು ದಿನಕ್ಕೆ ಕರಗಿ ಲೋಳೆಯಾಗುತ್ತದೆ. ಇಲ್ಲಿಯೂ ತಕ್ಕಡಿಯನ್ನೇ ಕೇಳಿ. ಒಂದು ಬಿಲ್ಲೆಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ಬರೆಯಿರಿ. ಮೊದಲ ವಾರ ತೂಕ ಚೆನ್ನಾಗಿ ಇಳಿಯುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪ. ನಾಲ್ಕು ವಾರ ಕಳೆದು, ಎರಡು ವಾರದ ತೂಕ ಹೆಚ್ಚು ಕಡಿಮೆ ಒಂದೇ ಬಂದರೆ ಸೋಪು ಬಳಕೆಗೆ ಬಂತು.

ಬಳಸುವ ಮೊದಲು ಬಿಲ್ಲೆಯನ್ನು ಒದ್ದೆ ಮಾಡಿ ಪಿಎಚ್ ಕಾಗದ, ಅಂದರೆ ಕ್ಷಾರ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಕಾಗದ, ಒತ್ತಿ. 9, 10ರ ಬಣ್ಣ ಬಂದರೆ ಸರಿ. 11 ದಾಟಿದರೆ ಇನ್ನೂ ಎರಡು ವಾರ ಬಿಟ್ಟು ನೋಡಿ, ಆಗಲೂ ಇಳಿಯದಿದ್ದರೆ ಮೈಗೆ ಹಚ್ಚಬೇಡಿ. ನಾಲಿಗೆಗೆ ಮುಟ್ಟಿಸಿ ನೋಡುವ ರೂಢಿ ಕೆಲವರಲ್ಲಿದೆ, ಕಲಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ಎಣ್ಣೆ ಇಷ್ಟು ಕಡಿಮೆ ಹಾಕಿದ್ದೆ ಎಂದು ವಹಿಯಿಂದ ಗೊತ್ತಾದರೆ ಸೋಪನ್ನು ತುರಿದು, ಸಣ್ಣ ಉರಿಯಲ್ಲಿ ಸ್ವಲ್ಪ ನೀರು ಮತ್ತು ಬಿಟ್ಟುಹೋದ ಎಣ್ಣೆ ಸೇರಿಸಿ ಮತ್ತೆ ಅಚ್ಚಿಗೆ ಹಾಕಬಹುದು. ಗೊತ್ತಾಗದಿದ್ದರೆ ಗ್ಲೌಸ್ ಹಾಕಿಕೊಂಡು ಬಚ್ಚಲು ತೊಳೆಯಲು ಬಳಸಿ. ನನ್ನ ಮೊದಲ ಸೋಪು ಹಾಗೆಯೇ ಮುಗಿಯಿತು.

ಬೋರಿನ ನೀರಿಗೆ ಎರಡನೆಯ ಸೋಪು

ಒಂದೇ ಸೋಪಿನ ಎರಡು ಬಿಲ್ಲೆ: ಒಂದು ಕುಷ್ಟಗಿ ಕಡೆಯ ನಮ್ಮ ಮನೆಯಲ್ಲಿ, ಒಂದು ಸಿಂಧನೂರಿನ ತಂಗಿಯ ಮನೆಯಲ್ಲಿ. ಅವಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ನೊರೆ ಕೈತುಂಬ. ನಮಗೆ ಬೋರಿನ ಗಡುಸು ನೀರು. ನೊರೆ ಬರುವ ಮೊದಲು ಬಕೀಟಿನಲ್ಲಿ ಬಿಳಿ ಕೆನೆಯಂಥ ಜಿಗುಟು ತೇಲುತ್ತದೆ, ಕೂದಲು ಅಂಟುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಕರಗದ ವಸ್ತು ಮಾಡುವುದರಿಂದ ಹೀಗಾಗುತ್ತದೆ. ಮನೆಯ ಸೋಪು ನೀರನ್ನು ಮೆದು ಮಾಡುವುದಿಲ್ಲ, ಆದರೆ ಸೋಪನ್ನು ನೀರಿಗೆ ತಕ್ಕ ಹಾಗೆ ಮಾಡಿಕೊಳ್ಳಬಹುದು.

ಅದಕ್ಕೆ ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್, ನಾವು ನಿಂಬೆ ಉಪ್ಪು ಅನ್ನುವುದು, ಬೇಕು. ಮೇಲಿನ ಲೆಕ್ಕಕ್ಕೆ 5 ಗ್ರಾಂ ತೆಗೆದುಕೊಂಡು, ಕಾಸ್ಟಿಕ್ ಹಾಕುವ ಮೊದಲೇ 160 ಗ್ರಾಂ ನೀರಿನಲ್ಲಿ ಕರಗಿಸಿ. ಅದು ಕಾಸ್ಟಿಕ್‌ನ ಒಂದು ಪಾಲನ್ನು ತಾನು ತಿಂದು ಸೋಡಿಯಂ ಸಿಟ್ರೇಟ್ ಆಗುತ್ತದೆ, ಆ ಸಿಟ್ರೇಟ್ ನೀರಿನ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. 1 ಗ್ರಾಂ ನಿಂಬೆ ಉಪ್ಪು 0.62 ಗ್ರಾಂ ಕಾಸ್ಟಿಕ್ ತಿನ್ನುವುದರಿಂದ 5 ಗ್ರಾಂಗೆ 3 ಗ್ರಾಂ ಹೆಚ್ಚು ಬೇಕು: 73ರ ಬದಲು 76. ಇದನ್ನು ಮರೆತರೆ ಸೋಪು ಮೆತ್ತಗಾಗುತ್ತದೆ. ಜಿಗುಟು ಪೂರ್ತಿ ಹೋಗುವುದಿಲ್ಲ, ನಮ್ಮ ಬಕೀಟಿನಲ್ಲಿ ಎದ್ದು ಕಾಣುವಷ್ಟು ಕಡಿಮೆಯಾಯಿತು.

ಬಟ್ಟೆ, ಪಾತ್ರೆಗೆ ಬೇರೆ ಸೋಪು ಬೇಕಿದ್ದರೆ ಬರಿ ಕೊಬ್ಬರಿ ಎಣ್ಣೆ 500 ಗ್ರಾಂ, ಕಾಸ್ಟಿಕ್ 90 ಗ್ರಾಂ, ನೀರು 190 ಗ್ರಾಂ. ಗಡುಸು ನೀರಿನಲ್ಲೂ ನೊರೆ ಕೊಡುವ ಸೋಪು ಇದು. ಬೇಗ ಗಟ್ಟಿಯಾಗುವುದರಿಂದ ಅರ್ಧ ದಿನಕ್ಕೇ ಕೊಯ್ಯಬೇಕು. ಮೈಗೆ ಹಚ್ಚಬೇಡಿ, ಒರಟು. ಬೇವಿನ ಸೋಪು ಬೇಕೆನ್ನುವವರು ಮೊದಲ ಲೆಕ್ಕದಲ್ಲಿ ಶೇಂಗಾ ಎಣ್ಣೆಯನ್ನು 200ಕ್ಕೆ ಇಳಿಸಿ ಬೇವಿನೆಣ್ಣೆ 50 ಹಾಕಿ, ಕಾಸ್ಟಿಕ್ 73ರಲ್ಲೇ ನಿಲ್ಲುತ್ತದೆ. ಘಾಟು ವಾಸನೆ ಇದ್ದೇ ಇರುತ್ತದೆ. ಅದು ಗಜಕರ್ಣ ಕಳೆಯುತ್ತದೆ, ಮೊಡವೆ ವಾಸಿ ಮಾಡುತ್ತದೆ ಎಂದು ಯಾರಿಗೂ ಹೇಳಬೇಡಿ. ಚರ್ಮದ ರೋಗಕ್ಕೆ ಡಾಕ್ಟರ್ ಬೇಕು. ಹಸುಗೂಸಿಗೆ ಮನೆಯ ಸೋಪು ಹಚ್ಚಲೂಬೇಡಿ.

ನೆಂಟರಿಷ್ಟರಿಗೆ ಕೊಡಲು ಅಡ್ಡಿಯಿಲ್ಲ, ಏನೇನು ಹಾಕಿದೆ ಎಂದು ಚೀಟಿ ಬರೆದು ಕೊಡಿ. ಶೇಂಗಾ ಆಗದ ಜನ ಇರುತ್ತಾರೆ. ಮಾರಬೇಕೆಂದಿದ್ದರೆ ಮಾತು ಬೇರೆ. ಮೈ ಸೋಪು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಅದನ್ನು ತಯಾರಿಸಿ ಮಾರಲು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಲೈಸೆನ್ಸ್ ಬೇಕು. ಸಂಘದ ಹೆಣ್ಣುಮಕ್ಕಳು ಸಾಲ ಎತ್ತಿ ಎಣ್ಣೆ ಕೊಳ್ಳುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಮನೆಯ ಸೋಪಿನಲ್ಲಿ ಗ್ಲಿಸರಿನ್ ಪೂರ್ತಿ ಉಳಿದಿರುವುದರಿಂದ ನೀರಿನಲ್ಲಿ ಬಿಟ್ಟರೆ ಬೇಗ ಕರಗುತ್ತದೆ. ತೂತು ಇರುವ ಡಬ್ಬಿಯಲ್ಲಿ, ಬಚ್ಚಲ ನೀರು ಸಿಡಿಯದ ಗೂಡಿನಲ್ಲಿ ಇಡಿ. ಉಳಿದ ಬಿಲ್ಲೆಗಳನ್ನು ಹಾಳೆಯಲ್ಲಿ ಸುತ್ತಿ, ಮಾಡಿದ ತಾರೀಖು ಬರೆದು, ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟರೆ ಒಂದು ವರ್ಷ ಬರುತ್ತವೆ.